24 ಪ್ಲಾಟು, ಒಂದು ವರ್ಷ

ಎಂಎಸ್ಸಿ ಅಗ್ರಿಯ ಎರಡನೇ ವರ್ಷದ ಟೈಮ್‌ಟೇಬಲ್ ಮಳೆಯ ಕೈಯಲ್ಲಿರುತ್ತದೆ. ಮೊದಲ ವರ್ಷ ಕ್ಲಾಸು, ಇಂಟರ್ನಲ್ಲು, ಪ್ರಾಕ್ಟಿಕಲ್ಲು ಎಂದು ಯಾರೋ ಹಾಕಿಕೊಟ್ಟ ಸಾಲಿನಲ್ಲಿ ನಡೆದವರು ಜೂನ್ ಬಂದಕೂಡಲೇ ಎರೆ ಹೊಲದ ಬದುವಿನ ಮೇಲೆ ನಿಂತು ಮೋಡ ಎಣಿಸತೊಡಗುತ್ತೇವೆ. 70 ಕ್ರೆಡಿಟ್‌ಗಳ ಪದವಿ ಇದು. ಮೇಜರ್ 20, ಮೈನರ್ 8, ಸಪೋರ್ಟಿಂಗ್ 6, ಕಾಮನ್ ಕೋರ್ಸು 5, ಸೆಮಿನಾರ್ 1 ಸೇರಿ 40. ಉಳಿದ 30 ಥೀಸಿಸ್ಸಿಗೆ. ಕಾಗದದ ಮೇಲೆ ಅರ್ಧಕ್ಕೂ ಕಡಿಮೆ ಕಾಣುವ ಆ 30 ಕ್ರೆಡಿಟ್ಟೇ ಹೈರಾಣ ಮಾಡುವುದು.

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಲ್ಲಿ ಧಾರವಾಡದಿಂದ ಬೇರೆಯಾಗಿ ಹುಟ್ಟಿತು. ತೊಗರಿ, ಹತ್ತಿ, ಕಡಲೆ, ಜೋಳದ ಪ್ರಯೋಗ ಮಾಡುವವರಿಗೆ ರಾಯಚೂರಿನ ಎರೆ ಹೊಲ ಸಾಕು. ಭತ್ತ ಹಿಡಿದವರು ಗಂಟುಮೂಟೆ ಕಟ್ಟಿ ಸಿರುಗುಪ್ಪ, ದಢೇಸುಗೂರು ಇಲ್ಲವೇ ಗಂಗಾವತಿಯ ಸಂಶೋಧನಾ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಇಲ್ಲಿ ಹೇಳುತ್ತಿರುವುದು ಬೇಸಾಯಶಾಸ್ತ್ರದ ಒಂದು ಸಾದಾ ತೊಗರಿ ಪ್ರಯೋಗದ ವರ್ಷ. 8 ಟ್ರೀಟ್‌ಮೆಂಟು, 3 ರೆಪ್ಲಿಕೇಶನ್ನು, ಅಂದರೆ ಹೋಲಿಸಿ ನೋಡುವ ಎಂಟು ಬಗೆಯನ್ನು ಒಂದೊಂದು ಪ್ಲಾಟಿನಲ್ಲಿಟ್ಟು, ಆ ಎಂಟರ ಗುಂಪನ್ನೇ ಮೂರು ಸಲ ಹಾಕುವುದು; ಒಟ್ಟು 24 ಪ್ಲಾಟು. ಬೆಳೆ ಬದಲಾದರೆ ತಾರೀಖು, ಗ್ರಾಂ, ಲೀಟರು ಬದಲಾಗುತ್ತವೆ. ಎಡವುವ ಜಾಗಗಳು ಹೆಚ್ಚೂಕಡಿಮೆ ಅವೇ.

ಮೊದಲ ಎಡವಟ್ಟು ಹೊಲಕ್ಕೆ ಇಳಿಯುವ ಮೊದಲೇ ಆಗುತ್ತದೆ. ತೊಗರಿ ಬಿತ್ತನೆಗೆ ಈ ಭಾಗದಲ್ಲಿ ಜೂನ್, ಜುಲೈ ಸರಿಯಾದ ಕಾಲ. ಮೃಗಶಿರದಲ್ಲಿ ಹೊಲ ತೊಯ್ದು, ಆರಿದ್ರದಲ್ಲೋ ಪುನರ್ವಸುವಿನಲ್ಲೋ ಬೀಜ ಬಿದ್ದರೆ ಗಿಡಕ್ಕೆ ಮೈ ಕೈ ತುಂಬುತ್ತದೆ. ಅದಕ್ಕೆ ಸಿನಾಪ್ಸಿಸ್, ಅಂದರೆ ಪ್ರಯೋಗದ ಯೋಜನೆ ಬರೆದ ಕಾಗದ, ಮೇ ಮುಗಿಯುವುದರೊಳಗೆ ಸಮಿತಿಯ ಎಲ್ಲರ ಸಹಿ ಕಂಡಿರಬೇಕು. ಫೆಬ್ರವರಿಯಲ್ಲಿ ಗೈಡ್ ಜೊತೆ ವಿಷಯ ಗೊತ್ತುಮಾಡಿ, ಮಾರ್ಚಿನಲ್ಲಿ ಹಳೇ ಥೀಸಿಸ್ ಓದಿ, ಏಪ್ರಿಲ್ಲಿನಲ್ಲಿ ಕರಡು ಕೊಟ್ಟವರು ಮಾತ್ರ ಆ ಗಡುವು ಮುಟ್ಟುತ್ತಾರೆ. ಹಳೇ ಥೀಸಿಸ್ ಹುಡುಕಲು ಐಸಿಎಆರ್‌ನ ಕೃಷಿಕೋಶ ಎಂಬ ಆನ್‌ಲೈನ್ ಭಂಡಾರ ಇದೆ. ಅದರಲ್ಲಿ ಫಲಿತಾಂಶದ ಅಧ್ಯಾಯಕ್ಕಿಂತ ಮೊದಲು 'ಮೆಟೀರಿಯಲ್ ಅಂಡ್ ಮೆಥಡ್ಸ್' ಓದಬೇಕು. ಪ್ಲಾಟಿನ ಅಳತೆ, ಬಿತ್ತಿದ ದಿನ, ಕೊಯ್ದ ದಿನ, ಆ ವರ್ಷದ ಮಳೆ ಎಲ್ಲಾ ಅಲ್ಲೇ ಸಿಗುತ್ತದೆ. ಹತ್ತು ಥೀಸಿಸ್ಸಿನ ಬಿತ್ತನೆ ತಾರೀಖು ಒಂದು ಹಾಳೆಗೆ ಇಳಿಸಿಕೊಂಡರೆ ನಿಮ್ಮ ಸೀಸನ್ ಎಷ್ಟು ಜಗ್ಗಬಲ್ಲದು ಎಂಬುದು ತಿಳಿಯುತ್ತದೆ.

ಮುಂಗಾರು ಕೈಬಿಟ್ಟರೆ ತೊಗರಿ ಹೋಯಿತು, ವರ್ಷ ಹೋಗಬೇಕಿಲ್ಲ. ಇದನ್ನು ಸಿನಾಪ್ಸಿಸ್ ಬರೆಯುವಾಗಲೇ ಗೈಡ್ ಹತ್ತಿರ ಮಾತಾಡಿ ಇಟ್ಟುಕೊಳ್ಳುವುದು ಜಾಣತನ: ಆಗಸ್ಟ್ ಹದಿನೈದರೊಳಗೆ ಬೆಳೆ ಸರಿಯಾಗಿ ನಿಲ್ಲದಿದ್ದರೆ ಇದೇ ಹೊಲದಲ್ಲಿ ಅಕ್ಟೋಬರಿಗೆ ಹಿಂಗಾರಿ ಕಡಲೆ. ಎರೆ ಭೂಮಿ ಹಸಿ ಹಿಡಿದಿಡುತ್ತದೆ, ಹಸ್ತ ಚಿತ್ತಿ ಮಳೆಗೆ ಕಡಲೆ ಬಿತ್ತಬಹುದು, ಫೆಬ್ರವರಿಯೊಳಗೆ ಕೈಗೆ ಬರುತ್ತದೆ. ಈ ಎರಡನೇ ದಾರಿ ಕಾಗದದಲ್ಲಿ ಇದ್ದವರಿಗೂ ಇಲ್ಲದವರಿಗೂ ಜುಲೈ ತಿಂಗಳ ನಿದ್ದೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. 2023ರಂಥ ಬರಗಾಲದ ವರ್ಷದಲ್ಲಿ ಧೈರ್ಯಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನು ಹೊಲ. ಜಾಗ ತೋರಿಸಿದ ದಿನವೇ ಅಲ್ಲಿ ನಿಂತು ಎರಡು ಪ್ರಶ್ನೆ ಕೇಳಬೇಕು. ಹೋದ ವರ್ಷ ಇಲ್ಲಿ ಏನು ಬೆಳೆದಿದ್ದರು? ಮಳೆ ಬಂದರೆ ನೀರು ಎತ್ತ ಹರಿಯುತ್ತದೆ? ಎರಡಕ್ಕೂ ಉತ್ತರ ಫಾರ್ಮಿನ ಹಳೇ ಕೂಲಿಯವರ ಹತ್ತಿರ ಇರುತ್ತದೆ. ನೀರು ಇಳಿಯುವ ದಿಕ್ಕಿಗೆ ಅಡ್ಡವಾಗಿ ಬ್ಲಾಕ್ ಹಾಕಬೇಕು. ಅಂದರೆ ಒಂದು ರೆಪ್ಲಿಕೇಶನ್ನಿನ ಎಂಟೂ ಪ್ಲಾಟು ಒಂದೇ ಮಟ್ಟದಲ್ಲಿರಬೇಕು. ಮೇಲಿನದು ಒಂದು ಬ್ಲಾಕು, ನಡುವಿನದು ಒಂದು, ತಗ್ಗಿನದು ಒಂದು. ಇಳಿಜಾರಿನ ಉದ್ದಕ್ಕೆ ಬ್ಲಾಕ್ ಎಳೆದರೆ ತಗ್ಗಿನಲ್ಲಿ ನೀರು ನಿಂತ ಪ್ಲಾಟಿಗೂ ಮೇಲೆ ಒಣಗಿದ ಪ್ಲಾಟಿಗೂ ಇರುವ ವ್ಯತ್ಯಾಸವೆಲ್ಲಾ ಎರರ್ (ಕಾರಣ ಸಿಗದ ಏರುಪೇರು) ಲೆಕ್ಕಕ್ಕೆ ಸೇರಿ, ಟ್ರೀಟ್‌ಮೆಂಟಿನ ಫರಕು ಅದರಲ್ಲಿ ಮುಚ್ಚಿಹೋಗುತ್ತದೆ. ಮುಂದಿನ ಮಾರ್ಚಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅತ್ತರೆ ಈ ಜೂನ್ ತಿಂಗಳ ಹಗ್ಗ ತಿರುಗುವುದಿಲ್ಲ.

ಮೂಲೆ ಚೌಕಾಗಿ ಕೂಡಿಸಲು ಹಗ್ಗದಲ್ಲಿ 3, 4, 5 ಮೀಟರಿನ ಗುರುತು ಸಾಕು. ಒಂದು ಬದಿ 3, ಇನ್ನೊಂದು 4 ಇಟ್ಟು ನಡುವಿನ ಓರೆ 5ಕ್ಕೆ ಸರಿಹೊಂದಿದರೆ ಮೂಲೆ ಸರಿ ಇದೆ. ನಮ್ಮ ಪ್ಲಾಟಿನ ಅಳತೆ 5.4 ಮೀಟರ್ × 4.5 ಮೀಟರ್, ಅಂದರೆ 24.3 ಚದರ ಮೀಟರ್. 90 ಸೆಂಟಿಮೀಟರಿಗೊಂದು ಸಾಲು, ಸಾಲಿನಲ್ಲಿ 30 ಸೆಂಟಿಮೀಟರಿಗೊಂದು ಗಿಡ. ಪ್ಲಾಟಿಗೆ 6 ಸಾಲು, ಸಾಲಿಗೆ 15 ಗಿಡ, ಒಟ್ಟು 90. ಎರಡೂ ಬದಿಯ ಒಂದೊಂದು ಸಾಲು, ಸಾಲಿನ ಎರಡೂ ತುದಿಯ ಒಂದೊಂದು ಗಿಡ ಬಿಟ್ಟರೆ ಉಳಿಯುವ ನೆಟ್ ಪ್ಲಾಟು 3.6 × 3.9, ಅಂದರೆ 14.04 ಚದರ ಮೀಟರ್, 52 ಗಿಡ. ಈ 52 ಗಿಡಗಳ ಕಾಳೇ ಥೀಸಿಸ್ಸಿನ ಇಳುವರಿ. ದಾರಿ, ಬದು, ಕಾಲುವೆ ಸೇರಿ ಎಲ್ಲಾ 24 ಪ್ಲಾಟಿಗೆ ಸುಮಾರು 8 ಗುಂಟೆ ಹಿಡಿಯಿರಿ.

ಗೊಬ್ಬರದ ಲೆಕ್ಕ ಒಮ್ಮೆ ಕೈಯಿಂದ ಮಾಡಲೇಬೇಕು, ಮೊಬೈಲಿನಲ್ಲಿ ಸಿದ್ಧ ಉತ್ತರ ಹುಡುಕಬಾರದು. ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಎಂದಿಟ್ಟುಕೊಳ್ಳಿ. ಡಿಎಪಿಯಲ್ಲಿ ರಂಜಕ ಶೇ 46, ಸಾರಜನಕ ಶೇ 18. ಮೊದಲು ರಂಜಕ ತುಂಬಿಸಬೇಕು: 50 ಕಿಲೋ ಬರಲು 108.7 ಕಿಲೋ ಡಿಎಪಿ. ಅದರ ಜೊತೆಗೇ 19.6 ಕಿಲೋ ಸಾರಜನಕ ಬಂದುಬಿಡುತ್ತದೆ. ಉಳಿದ 5.4 ಕಿಲೋಗೆ ಯೂರಿಯಾ 11.8 ಕಿಲೋ. ಪ್ಲಾಟಿಗೆ ಇಳಿಸಿದರೆ ಡಿಎಪಿ 264 ಗ್ರಾಂ, ಯೂರಿಯಾ ಸುಮಾರು 29 ಗ್ರಾಂ. ಸಾರಜನಕದಿಂದ ಶುರು ಮಾಡಿದವರ ಡಿಎಪಿ ಹೆಚ್ಚಾಗಿ ರಂಜಕದ ಲೆಕ್ಕ ತಪ್ಪುತ್ತದೆ. 29 ಗ್ರಾಂ ಯೂರಿಯಾ ಎಂದರೆ ಒಂದು ಸಣ್ಣ ಹಿಡಿ. ಹೊಲದಲ್ಲಿ ಗಾಳಿಗೆ ತೂಗಲು ಹೋದರೆ ತಕ್ಕಡಿ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಫ್ಯಾನ್ ಆರಿಸಿ ತೂಗಿ, ಪ್ಲಾಟ್ ನಂಬರು ಬರೆದ 24 ಪೊಟ್ಟಣ ಕಟ್ಟಿಡುವುದು ಒಳ್ಳೆಯದು. ಯೂರಿಯಾ ತೇವ ಎಳೆಯುತ್ತದೆ, ಆದ್ದರಿಂದ ವಾರ ಮೊದಲೇ ಕಟ್ಟಬೇಡಿ.

ಬೀಜದ ಲೆಕ್ಕ ಸುಲಭ. ಗುಣಿಗೆ ಎರಡು ಕಾಳಿನಂತೆ 4,320 ಕಾಳು, ಅರ್ಧ ಕಿಲೋದ ಆಸುಪಾಸು. ಆದರೆ ತರಬೇಕಾದದ್ದು ಒಂದೂವರೆ ಕಿಲೋ. ಹುಸಿ ಬಿದ್ದ ಜಾಗಕ್ಕೆ ಹತ್ತು ದಿನದೊಳಗೆ ಮತ್ತೆ ಅದೇ ಲಾಟಿನ ಬೀಜ ಊರಬೇಕು, ಸುತ್ತಲಿನ ಗಡಿ ಸಾಲಿಗೂ ಬೇಕು. ಟಿಎಸ್-3ಆರ್ ನೆಟೆ ರೋಗ ತಡೆಯುವ ತಳಿ ಎಂದು ಬೀಜೋಪಚಾರ ಬಿಡುವವರಿದ್ದಾರೆ. ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಚ್ಚುವುದಕ್ಕೆ ಹತ್ತು ನಿಮಿಷ ಸಾಕು.

ಎರೆ ಮಣ್ಣಿನಲ್ಲಿ ಬಿತ್ತನೆಯ ಹದ ಎರಡು, ಹೆಚ್ಚೆಂದರೆ ಮೂರು ದಿನ. ಮಳೆ ಬಿದ್ದ ಮರುದಿನ ಕಾಲಿಟ್ಟರೆ ಚಪ್ಪಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತುತ್ತದೆ. ನಾಲ್ಕನೇ ದಿನಕ್ಕೆ ಮೇಲ್ಪದರ ಬಿರುಕು ಬಿಡುತ್ತದೆ. ನಡುವಿನ ಆ ಕಿಂಡಿಯಲ್ಲಿ ಆಳು, ಬೀಜ, ಪೊಟ್ಟಣ, ಗೂಟ, ಹಗ್ಗ ಎಲ್ಲಾ ಒಟ್ಟಿಗೆ ಸಿಗಬೇಕು. ಅದೇ ಎರಡು ದಿನ ಊರಿನ ರೈತರಿಗೂ ಆಳು ಬೇಕು. ಹದಕ್ಕೆ ಕಾಯುವಾಗಲೇ ಕೂಲಿಯ ಅಕ್ಕಗಳ ಗುಂಪಿನ ಮುಂದಾಳಿಗೆ ಹೇಳಿಟ್ಟಿರಬೇಕು. ಬಿತ್ತುವ ದಿನ ಬೆಳಿಗ್ಗೆ ಫೋನ್ ಮಾಡಿದರೆ "ನಾಡದ ಬರ್ತೀವ್ರೀ ಸರ" ಎನ್ನುವ ಉತ್ತರ ಗ್ಯಾರಂಟಿ.

ಇಲ್ಲಿ ಒಂದು ನಿಯಮ ಮಾತ್ರ ಯಾವ ಅವಸರಕ್ಕೂ ಮುರಿಯಬಾರದು. ಬಿತ್ತನೆ ಇರಲಿ, ಕಳೆ ತೆಗೆಯುವುದಿರಲಿ, ಕೊಯ್ಲು ಇರಲಿ, ಒಂದು ರೆಪ್ಲಿಕೇಶನ್ನಿನ ಎಂಟೂ ಪ್ಲಾಟು ಒಂದೇ ದಿನ, ಆದಷ್ಟೂ ಅದೇ ಕೈಗಳಿಂದ ಮುಗಿಯಬೇಕು. ಮಧ್ಯಾಹ್ನ ಮಳೆ ಬರುವ ಲಕ್ಷಣ ಕಂಡರೆ ಹೊಸ ಬ್ಲಾಕಿಗೆ ಕೈ ಹಾಕಬೇಡಿ. ಎರಡು ಬ್ಲಾಕು ಇಂದು, ಒಂದು ನಾಡಿದ್ದು ಆದರೆ ಆ ದಿನದ ವ್ಯತ್ಯಾಸವನ್ನು ಬ್ಲಾಕ್ ಹೊತ್ತುಕೊಳ್ಳುತ್ತದೆ, ಲೆಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಒಂದು ಬ್ಲಾಕಿನಲ್ಲಿ ಐದು ಪ್ಲಾಟು ಇಂದು, ಮೂರು ನಾಡಿದ್ದು ಆದರೆ ಆ ವ್ಯತ್ಯಾಸ ಟ್ರೀಟ್‌ಮೆಂಟಿನ ಮೈಗೆ ಅಂಟುತ್ತದೆ, ಆಮೇಲೆ ಯಾವ ಸೂತ್ರದಿಂದಲೂ ಬಿಡಿಸಲಾಗುವುದಿಲ್ಲ. ಮನಸ್ಸಿನ ಆಯಾಸಕ್ಕೂ ನಾವು ಇದೇ ನಿಯಮ ಅನ್ವಯಿಸಿಕೊಂಡೆವು. ದಣಿದ ದಿನ ಕೆಲಸವನ್ನು ಬ್ಲಾಕಿನ ಅಂಚಿನಲ್ಲಿ ನಿಲ್ಲಿಸು, ನಡುವೆ ನಿಲ್ಲಿಸಬೇಡ.

ಬೆಳೆ ನಿಂತ ಮೇಲೆ ಮೂರು ತಿಂಗಳು ಹಗಲೆಲ್ಲಾ ಸಣ್ಣ ಕೆಲಸ. ಇಪ್ಪತ್ತೈದು ದಿನಕ್ಕೆ ಒಮ್ಮೆ, ನಲವತ್ತೈದಕ್ಕೆ ಇನ್ನೊಮ್ಮೆ ಕಳೆ. ನಡುವೆ ಎಡೆಕುಂಟೆ. ಐವತ್ತು, ಐವತ್ತೈದು ದಿನದ ಹೊತ್ತಿಗೆ ಕುಡಿ ಚಿವುಟುವ ಟ್ರೀಟ್‌ಮೆಂಟ್ ಇದ್ದರೆ ಅದು. ಮೇಲಿನ ಐದಾರು ಸೆಂಟಿಮೀಟರ್ ಕುಡಿ ಮುರಿದರೆ ಗಿಡ ಎತ್ತರ ಬಿಟ್ಟು ಪಕ್ಕದ ರೆಂಬೆ ಒಡೆಯುತ್ತದೆ. ಕೂಲಿಯ ಅಕ್ಕಗಳ ಕೈ ಇದರಲ್ಲಿ ಬಹಳ ಚುರುಕು, ಮಾತಾಡುತ್ತಲೇ ಸಾಲು ಮುಗಿಸಿಬಿಡುತ್ತಾರೆ. ಆ ಚುರುಕಿನಲ್ಲೇ ಪಕ್ಕದ ಚಿವುಟಬಾರದ ಪ್ಲಾಟಿಗೂ ದಾಟಿಬಿಡುತ್ತಾರೆ. ಚಿವುಟಬೇಕಾದ ಪ್ಲಾಟಿನ ನಾಲ್ಕೂ ಗೂಟಕ್ಕೆ ಕೆಂಪು ಬಟ್ಟೆ ಕಟ್ಟಿ ಕೊನೆಯವರೆಗೂ ಬದುವಿನ ಮೇಲೇ ನಿಂತಿರಬೇಕು. ಫೋನ್ ಬಂತೆಂದು ಬೇವಿನ ಮರದ ನೆರಳಿಗೆ ಹೋದರೆ ಅಷ್ಟರಲ್ಲೇ ಆಗುವುದು ಆಗಿರುತ್ತದೆ.

ಸಿಂಪಡಣೆಯಲ್ಲೂ ಅಳತೆಯೇ ತಲೆನೋವು. ನಮ್ಮದೇ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಪುಡಿಯನ್ನು ಲೀಟರಿಗೆ 10 ಗ್ರಾಂನಂತೆ ಅರ್ಧ ಬೆಳೆ ಹೂವಾದಾಗ ಒಮ್ಮೆ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆಯುವುದು ರೂಢಿ. ಹೆಕ್ಟೇರಿಗೆ 500 ಲೀಟರ್ ಹಿಡಿದರೆ ಒಂದು ಪ್ಲಾಟಿಗೆ 1.2 ಲೀಟರ್ ನೀರು, 12 ಗ್ರಾಂ ಪುಡಿ. ಹದಿನಾರು ಲೀಟರಿನ ಪಂಪಿನಲ್ಲಿ ಒಂದು ಲೀಟರು ಹಾಕಿ ಹೊಡೆದರೆ ಕೊನೆಗೆ ತಳದಲ್ಲಿ ಗಾಳಿ ಎಳೆಯುತ್ತದೆ. ಮೂರೂ ರೆಪ್ಲಿಕೇಶನ್ನಿಗೆ ಬೇಕಾದಷ್ಟನ್ನು ಒಟ್ಟಿಗೆ ಕಲಸಿ, ಹಿಂದಿನ ದಿನ ಬರೀ ನೀರಿನಲ್ಲಿ ಒಂದು ಪ್ಲಾಟು ಹೊಡೆದು ನಡಿಗೆಯ ವೇಗ ಗೊತ್ತುಮಾಡಿಕೊಳ್ಳಬೇಕು. ಸಿಂಪಡಣೆ ಇಲ್ಲದ ಪ್ಲಾಟಿಗೆ ಅಷ್ಟೇ ನೀರು ಹೊಡೆಯುವುದನ್ನು ಮರೆಯಬೇಡಿ, ಪರೀಕ್ಷಕರು ಅದನ್ನು ಕೇಳಿಯೇ ಕೇಳುತ್ತಾರೆ. ಹೂವಿನ ಕಾಲಕ್ಕೆ ಮೋಡ ಕವಿದರೆ ಹಸಿರು ಕಾಯಿಕೊರಕ ಬರುತ್ತದೆ. ಕೀಟನಾಶಕ ಹೊಡೆದರೆ ಎಲ್ಲಾ 24 ಪ್ಲಾಟಿಗೂ ಒಂದೇ ದಿನ, ಒಂದೇ ಪ್ರಮಾಣ. ಹುಳು ಕಂಡ ಪ್ಲಾಟಿಗೆ ಮಾತ್ರ ಹೊಡೆದರೆ ನಿಮ್ಮ ಪ್ರಯೋಗದೊಳಗೆ ಇನ್ನೊಂದು ಪ್ರಯೋಗ ಹುಟ್ಟಿಕೊಳ್ಳುತ್ತದೆ.

ಅಳತೆ ತೆಗೆಯುವ ದಿನಗಳು 30, 60, 90, 120. ನೆಟ್ ಪ್ಲಾಟಿನಲ್ಲಿ ಐದು ಗಿಡಕ್ಕೆ ಚೀಟಿ ಕಟ್ಟಿ ಎತ್ತರ, ರೆಂಬೆ ಎಣಿಕೆ. ಒಣತೂಕಕ್ಕೆ ಕಿತ್ತು ತರುವ ಗಿಡ ಮಾತ್ರ ನೆಟ್ ಪ್ಲಾಟಿನ ಹೊರಗಿನದು. ಅದನ್ನು ಕತ್ತರಿಸಿ ತೂತು ಮಾಡಿದ ಕಂದು ಕಾಗದದ ಚೀಲದಲ್ಲಿ ಹಾಕಿ 65ರಿಂದ 70 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಬೇಕು. ಚೀಲದ ಮೇಲಿನ ಹೆಸರು ಪೆನ್ಸಿಲಿನಲ್ಲೇ ಇರಲಿ. ಜೆಲ್ ಪೆನ್ನಿನ ಅಕ್ಷರ ಓವನ್ನಿನಿಂದ ಹೊರಗೆ ಬರುವಾಗ ಮಾಸಿರುತ್ತದೆ, ಪ್ಲಾಸ್ಟಿಕ್ ಕವರು ಗಿಡಕ್ಕೇ ಅಂಟಿರುತ್ತದೆ.

ಫೀಲ್ಡ್ ಬುಕ್ಕಿನ ವಿಷಯಕ್ಕೆ ಬಂದರೆ ನಮ್ಮ ಅಭಿಪ್ರಾಯ ಸ್ವಲ್ಪ ಕಟು. ಹೊಲದಲ್ಲಿ ಕಂಡದ್ದು ಅದೇ ಸಂಜೆ ಪುಸ್ತಕಕ್ಕೆ ಇಳಿಯದಿದ್ದರೆ ಅದು ನಡೆದೇ ಇಲ್ಲ ಎಂದು ಲೆಕ್ಕ. ಮೊಬೈಲಿನ ಫೋಟೋ, ವಾಟ್ಸ್ಯಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡ ಸಂದೇಶ ಯಾವುದೂ ಆರು ತಿಂಗಳ ಮೇಲೆ ಕೈಗೆ ಸಿಗುವುದಿಲ್ಲ. ದಪ್ಪ ರಟ್ಟಿನ ಪುಸ್ತಕ, ಎಡಪುಟದಲ್ಲಿ ಅಂಕಿ, ಬಲಪುಟದಲ್ಲಿ ತಾರೀಖು ಹಾಕಿ ಎರಡು ಸಾಲು: ಎಷ್ಟು ಮಳೆ, ಯಾರು ಕೆಲಸಕ್ಕೆ ಬಂದರು, ಯಾವ ಪ್ಲಾಟಿನಲ್ಲಿ ಏನು ಕಂಡಿತು. "14ನೇ ಪ್ಲಾಟಿನ ಮೂಲೆಯಲ್ಲಿ ನೀರು ನಿಂತಿದೆ, ಎರಡು ದಿನ" ಎಂಬ ಒಂದು ಸಾಲು ಮುಂದೆ ಚರ್ಚೆಯ ಅಧ್ಯಾಯದಲ್ಲಿ ಒಂದು ಪುಟ ಉಳಿಸುತ್ತದೆ. ವಾರಕ್ಕೊಮ್ಮೆ ಪುಟಗಳ ಫೋಟೋ ತೆಗೆದು ಬೇರೆಯವರ ಹತ್ತಿರವೂ ಇಡಿ. ಪುಸ್ತಕ ಬಸ್ಸಿನಲ್ಲಿ ಬಿಟ್ಟವರ ಕಥೆ ಪ್ರತಿ ಬ್ಯಾಚಿಗೂ ಒಂದಿರುತ್ತದೆ.

ಭತ್ತದವರ ಪಾಡು ಬೇರೆ. ಅವರ ಕ್ಯಾಲೆಂಡರಿನಲ್ಲಿ ನಕ್ಷತ್ರಕ್ಕಿಂತ ತುಂಗಭದ್ರೆಯ ಕಾಲುವೆ ನೀರು ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಾಟಿ ಮುಗಿಸಿದ್ದ ರೈತರ ಜೊತೆಗೆ ಪ್ರಯೋಗದ ಗದ್ದೆಯವರೂ ನಿದ್ದೆಗೆಟ್ಟರು. ಹರಿಯುವ ನೀರಿನ ಮೇಲೇ ಉಕ್ಕಿನ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ತಡೆಯುವ ತನಕ ಮುಂದಿನ ನೀರಿನ ಸರದಿ ಯಾವಾಗ ಎಂದು ಯಾರಿಗೂ ಹೇಳಲಾಗದ ವಾರ ಅದು. ಅಂಥ ವಾರದಲ್ಲಿ ವಿದ್ಯಾರ್ಥಿಯ ಕೈಯಲ್ಲಿರುವುದು ಬದು ಗಟ್ಟಿ ಮಾಡುವುದು, ಇದ್ದ ನೀರನ್ನು ಪ್ಲಾಟಿನಲ್ಲಿ ಅಳೆದು ಬರೆಯುವುದು. ಬರೆದಿಟ್ಟರೆ ನೀರಿನ ಕೊರತೆಯೂ ದತ್ತಾಂಶವೇ.

ಈಗ ಕಳೆದುಹೋದ ಪ್ಲಾಟಿನ ಮಾತು. ನವೆಂಬರಿನ ಒಂದು ರಾತ್ರಿ ಬೇಲಿ ಮುರಿದು ದನ ನುಗ್ಗುತ್ತದೆ, ಇಲ್ಲವೇ ಹಂದಿ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಪ್ಲಾಟು ನೆಲಸಮ. ಇಂಥ ಬೆಳಿಗ್ಗೆ ಇಡೀ ವರ್ಷ ಹೋಯಿತೆಂದು ಹಾಸ್ಟೆಲಿಗೆ ಬಂದು ಮುಸುಕು ಹಾಕಿ ಮಲಗುವುದು ಸಹಜ. ಅಂಕಿಅಂಶಶಾಸ್ತ್ರ ಇದನ್ನು ಎಂದೋ ಕಂಡಿದೆ, ಯೇಟ್ಸ್ ಸೂತ್ರ ಎಂದು ಒಂದಿದೆ. ಉಳಿದ ಪ್ಲಾಟುಗಳಿಂದ ಹೋದ ಪ್ಲಾಟಿನ ಬೆಲೆ ಅಂದಾಜಿಸುವ ದಾರಿ ಅದು. ಉದಾಹರಣೆಗೆ, ಅದೇ ಟ್ರೀಟ್‌ಮೆಂಟಿನ ಉಳಿದ ಎರಡು ಪ್ಲಾಟಿನ ಮೊತ್ತ 3.6 ಕಿಲೋ, ಅದೇ ಬ್ಲಾಕಿನ ಉಳಿದ ಏಳರ ಮೊತ್ತ 12.4, ಒಟ್ಟು 23 ಪ್ಲಾಟಿನ ಮೊತ್ತ 40.2 ಎನ್ನಿ. ಟ್ರೀಟ್‌ಮೆಂಟ್ ಸಂಖ್ಯೆ 8ನ್ನು 3.6ಕ್ಕೆ ಗುಣಿಸಿದರೆ 28.8; ರೆಪ್ಲಿಕೇಶನ್ 3ನ್ನು 12.4ಕ್ಕೆ ಗುಣಿಸಿದರೆ 37.2, ಎರಡನ್ನೂ ಕೂಡಿ 40.2 ಕಳೆದರೆ 25.8, ಅದನ್ನು 7 ಗುಣಿಲೆ 2, ಅಂದರೆ 14ರಿಂದ ಭಾಗಿಸಿದರೆ 1.84 ಕಿಲೋ. ಇದನ್ನು ಖಾಲಿ ಮನೆಯಲ್ಲಿ ತುಂಬಿ ಅನೋವಾ (ವ್ಯತ್ಯಾಸ ಎಲ್ಲಿಂದ ಬಂತೆಂದು ಬಿಡಿಸುವ ಲೆಕ್ಕ) ಮಾಡಬೇಕು. ಇದಕ್ಕೆ ಒಂದು ದಂಡ ಇದೆ: ಎರರ್ ಅಳೆಯಲು ಉಳಿಯುವ ಸ್ವತಂತ್ರ ಅಂಕಿಗಳ ಸಂಖ್ಯೆ, ಅಂದರೆ ಎರರ್ ಡಿಗ್ರಿ ಆಫ್ ಫ್ರೀಡಂ, 14ರಿಂದ 13ಕ್ಕೆ ಇಳಿಯುತ್ತದೆ, ಫರಕು ನಿಜವೇ ಎಂದು ಅಳೆಯುವ ಟಿ ಬೆಲೆ 2.145 ಇದ್ದದ್ದು 2.160 ಆಗುತ್ತದೆ, ಟ್ರೀಟ್‌ಮೆಂಟ್ ವರ್ಗಗಳ ಮೊತ್ತ (ಸಮ್ ಆಫ್ ಸ್ಕ್ವೇರ್ಸ್) ಕೊಂಚ ಉಬ್ಬುವುದರಿಂದ ಅದಕ್ಕೊಂದು ತಿದ್ದುಪಡಿ ಮಾಡಬೇಕು. ಅಷ್ಟೇ. 23 ಪ್ಲಾಟು ಇನ್ನೂ ನಿಂತಿವೆ.

ಆದರೆ ಈ ಸೂತ್ರಕ್ಕೆ ಒಂದು ನೀತಿ ಉಂಟು, ಅದನ್ನು ಮರೆಯುವವರೇ ಹೆಚ್ಚು. ಪ್ಲಾಟು ಹಾಳಾದ ಕಾರಣಕ್ಕೂ ಟ್ರೀಟ್‌ಮೆಂಟಿಗೂ ಸಂಬಂಧ ಇರಕೂಡದು. ದನ ತಿಂದದ್ದು, ಕಾಲುವೆ ಒಡೆದದ್ದು ಸರಿ. ಕಳೆನಾಶಕದ ಟ್ರೀಟ್‌ಮೆಂಟಿನಿಂದಲೇ ಗಿಡ ಸುಟ್ಟಿದ್ದರೆ ಅದು ಕಳೆದುಹೋದ ಪ್ಲಾಟಲ್ಲ. ಅಲ್ಲಿ ಸಿಕ್ಕ ಕಡಿಮೆ ಇಳುವರಿಯೇ ಉತ್ತರ. ಇಳುವರಿ ನಿರೀಕ್ಷೆಗಿಂತ ಕೆಳಗೆ ಬಂತೆಂದು ಪ್ಲಾಟನ್ನು 'ಕಳೆಯುವುದು' ಕಳ್ಳತನ.

ಡಿಸೆಂಬರ್ ಕೊನೆಗೋ ಜನವರಿಗೋ ಕೊಯ್ಲು. ಮೊದಲು ಗಡಿ ಸಾಲು ಕೊಯ್ದು ಹೊಲದಿಂದ ಹೊರಗೆ ಹಾಕಿ, ಆಮೇಲೆ ನೆಟ್ ಪ್ಲಾಟಿಗೆ ಕುಡುಗೋಲು ಹಚ್ಚಬೇಕು. ತಿರುವುಮುರುವಾದರೆ ಕಟ್ಟುಗಳು ಬೆರೆಯುತ್ತವೆ. ಪ್ರತಿ ಕಟ್ಟಿಗೂ ಎರಡು ಚೀಟಿ, ಒಂದು ಹೊರಗೆ, ಒಂದು ಒಳಗೆ. ಬಿಸಿಲಿಗೆ ಒಣಗಿಸಿ, ಕಣದಲ್ಲಿ ಪ್ಲಾಟು ಪ್ಲಾಟೇ ತಾಡಪಾಲಿನ ಮೇಲೆ ಬಡಿದು ರಾಶಿ. ನೆಟ್ ಪ್ಲಾಟಿನ ಕಿಲೋವನ್ನು 712ರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ, 1.9 ಕಿಲೋ ಬಂದರೆ ಸುಮಾರು 1,350 ಕಿಲೋ. ಹಾಗಾಗಿ ಕಣದಲ್ಲಿ ಚೆಲ್ಲಿದ 50 ಗ್ರಾಂ ಎಂದರೆ ಥೀಸಿಸ್ಸಿನಲ್ಲಿ ಹೆಕ್ಟೇರಿಗೆ ಸುಮಾರು 36 ಕಿಲೋ.

ಎಲ್ಲರೂ ಬಿತ್ತನೆಯ ತಿಂಗಳು, ಕೊಯ್ಲಿನ ತಿಂಗಳು ಕಷ್ಟ ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಕಷ್ಟದ ತಿಂಗಳು ಫೆಬ್ರವರಿ. ಹೊಲದಲ್ಲಿ ಬೆಳೆ ಇದ್ದಷ್ಟು ದಿನ ಅದೇ ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತದೆ, ಕೂಲಿಯ ಅಕ್ಕಗಳು "ಉಂಡ್ರೇನ್ರೀ ಸರ" ಎಂದು ಕೇಳುತ್ತಾರೆ, ಸಂಜೆ ಮೈ ನೋವಿಗೆ ನಿದ್ದೆ ಬರುತ್ತದೆ. ಫೆಬ್ರವರಿಯಲ್ಲಿ ಹೊಲ ಖಾಲಿ, ಫಲಿತಾಂಶ ಇನ್ನೂ ಇಲ್ಲ, ಕರೆಯುವವರಿಲ್ಲ. ಮುಂದೆ ಪಿಎಚ್‌ಡಿಯೋ, ಕೆಪಿಎಸ್‌ಸಿಯ ಕೃಷಿ ಅಧಿಕಾರಿ ಪರೀಕ್ಷೆಯೋ ಎಂಬ ಪ್ರಶ್ನೆ ಮನೆಯಿಂದ ವಾರಕ್ಕೆರಡು ಸಲ ಫೋನಿನಲ್ಲಿ ಬರುತ್ತದೆ. ಆ ಹೊತ್ತಿಗೇ ಎಲ್ಲರ ಸ್ಯಾಂಪಲ್ಲೂ ಒಟ್ಟಿಗೆ ಲ್ಯಾಬಿಗೆ ಬಂದು ಸರದಿ ಹಿಡಿಯುತ್ತವೆ.

ಲ್ಯಾಬಿನ ಕೆಲಸವನ್ನು ದಿನದ ಲೆಕ್ಕಕ್ಕೆ ಒಡೆಯದಿದ್ದರೆ ಅದು ಬೆಟ್ಟದಂತೆ ಕಾಣುತ್ತದೆ. ಕಾಳು, ಕಟ್ಟಿಗೆ ಬೇರೆ ಬೇರೆ ಎಂದರೆ 48 ಸ್ಯಾಂಪಲ್. ಎರಡೆರಡು ಸಲ ಮಾಡಿದರೆ 96. ಸಾರಜನಕ ಅಳೆಯಲು ಸ್ಯಾಂಪಲ್ ಕಾಯಿಸುವ ಕೆಲ್ಡಾಲ್ ಬ್ಲಾಕಿನಲ್ಲಿ 12 ಕೊಳವೆ, ಪ್ರತಿ ಸಲ ಅದರಲ್ಲೊಂದು ಸ್ಯಾಂಪಲ್ ಇಲ್ಲದ ಬ್ಲ್ಯಾಂಕ್. ಅಂದರೆ 11ರಂತೆ 9 ಸುತ್ತು. ದಿನಕ್ಕೊಂದು ಸುತ್ತು ಎಂದರೆ ರಜೆ ಸೇರಿ ಎರಡು ವಾರ. ಬ್ಲ್ಯಾಂಕ್ ಬಿಟ್ಟು ಸ್ಯಾಂಪಲ್ ತುಂಬುವ ದುರಾಸೆ ಬೇಡ, ಬ್ಲ್ಯಾಂಕ್ ಇಲ್ಲದ ಸುತ್ತು ಮತ್ತೆ ಮಾಡಬೇಕಾಗುತ್ತದೆ. ಕರೆಂಟು ಹೋದರೆ ಅರೆಬೆಂದ ಕೊಳವೆಗಳನ್ನು ಬಿಸಾಡಬೇಕಿಲ್ಲ. ದ್ರಾವಣ ತಿಳಿಯಾಗುವ ತನಕ ಮತ್ತೆ ಕಾಯಿಸಬಹುದು, ಫ್ಯೂಮ್‌ಹುಡ್ ನಡೆಯುತ್ತಿದ್ದರೆ ಮಾತ್ರ. ಮಣ್ಣಿನ ರಂಜಕಕ್ಕೆ ಓಲ್ಸೆನ್ ದ್ರಾವಣದ ಪಿಎಚ್ 8.5 ಅಂದಂದೇ ನೋಡಬೇಕು, ಇಟ್ಟಷ್ಟೂ ಅದು ಏರುತ್ತದೆ. ಬಿಸಿ ಹೆಚ್ಚಾದರೂ ರಂಜಕ ಹೆಚ್ಚು ಬಿಡುತ್ತದೆ. ರಾಯಚೂರಿನ ಸುಡುವ ಮಧ್ಯಾಹ್ನ ಅರ್ಧ, ಬೆಳಿಗ್ಗೆ ಅರ್ಧ ಮಾಡಿದರೆ ಅಂಕಿಗಳು ಹೊಂದುವುದಿಲ್ಲ. ಗಂಗಾವತಿ ಕಡೆಯ ಸವುಳು ಮಣ್ಣಿಗೆ ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ಸಾವಯವ ಇಂಗಾಲ ನೋಡುವಾಗ ಆಮ್ಲಕ್ಕೆ ಸಿಲ್ವರ್ ಸಲ್ಫೇಟ್ ಸೇರಿಸಬೇಕು. ಇಲ್ಲದಿದ್ದರೆ ಕ್ಲೋರೈಡ್ ಕೂಡ ಇಂಗಾಲದ ವೇಷ ಹಾಕಿ ಲೆಕ್ಕಕ್ಕೆ ಬರುತ್ತದೆ.

ಈ ತಿಂಗಳುಗಳಲ್ಲಿ ನಮ್ಮನ್ನು ನಡೆಸಿದ್ದು ಮೂರು ಸಣ್ಣ ಏರ್ಪಾಡು. ಸಹಪಾಠಿಗಳಿಬ್ಬರ ಜೊತೆ ಬೆಳಿಗ್ಗೆ ಎಂಟಕ್ಕೆ ಮೆಸ್ಸಿನಲ್ಲಿ ಕೂತು ಆ ದಿನದ ಒಂದು ಕೆಲಸ ಬಾಯಿಬಿಟ್ಟು ಹೇಳುವುದು, ರಾತ್ರಿ ಅದು ಆಯಿತೋ ಇಲ್ಲವೋ ಹೇಳುವುದು. ಎರಡನೆಯದು, ಗೈಡ್ ಹತ್ತಿರ ಹೋಗುವಾಗ ಅರ್ಧ ಹಾಳೆ: ಏನು ಮುಗಿದಿದೆ, ಎಲ್ಲಿ ಸಿಕ್ಕಿಕೊಂಡಿದೆ, ಅವರು ಯಾವುದಕ್ಕೆ ಹೌದು ಅಥವಾ ಬೇಡ ಎನ್ನಬೇಕು. "ಸರ್, ಏನೂ ತಿಳಿಯುತ್ತಿಲ್ಲ" ಎಂದವರಿಗೆ ಸಿಗುವುದು ಬುದ್ಧಿವಾದ. "ಸರ್, 17ನೇ ಪ್ಲಾಟಿನ ಎರಡು ರೀಡಿಂಗ್ ಹೊಂದುತ್ತಿಲ್ಲ, ಮೂರನೇ ಸಲ ಮಾಡಲೇ" ಎಂದವರಿಗೆ ಎರಡು ನಿಮಿಷದಲ್ಲಿ ಉತ್ತರ. ಮೂರನೆಯದು, ಭಾನುವಾರ ಮಧ್ಯಾಹ್ನದ ಮೇಲೆ ಥೀಸಿಸ್ ಹೆಸರು ಎತ್ತಕೂಡದು. ಕೋಟೆ ಗುಡ್ಡ ಹತ್ತಿ ಬಂದು ಮಿರ್ಚಿ ಮಂಡಕ್ಕಿ ತಿಂದರೆ ಯಾವ ಅಧ್ಯಾಯವೂ ತಡವಾಗುವುದಿಲ್ಲ.

ಇವೆಲ್ಲಾ ಸಾಕಾಗದ ಸ್ಥಿತಿಯೂ ಬರುತ್ತದೆ. ಎರಡು ವಾರ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ಅದು ಸೋಮಾರಿತನವಲ್ಲ, ಗೆಳೆಯರ ಬುದ್ಧಿಮಾತಿನಿಂದ ಹೋಗುವುದೂ ಅಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ದಿನದ ಯಾವ ಹೊತ್ತಿಗೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕೋಣೆಯ ಗೆಳೆಯ ಹೀಗಿದ್ದರೆ ನಂಬರ್ ಕೊಟ್ಟು ಸುಮ್ಮನಾಗದೆ ಪಕ್ಕದಲ್ಲಿ ಕೂತು ನೀವೇ ಡಯಲ್ ಮಾಡಿ.

ಮಾರ್ಚಿನಲ್ಲಿ ಅಂಕಿಗಳು ಲೆಕ್ಕದ ಸಾಫ್ಟ್‌ವೇರ್‌ಗಳಾದ ಆಪ್‌ಸ್ಟಾಟಿಗೋ ಆರ್‌ಗೋ ಹೋಗುತ್ತವೆ. ಕಳೆಗಳ ಎಣಿಕೆಯನ್ನು ನೇರ ಹಾಕಬಾರದು, 0.5 ಕೂಡಿಸಿ ವರ್ಗಮೂಲ ತೆಗೆದು ಹಾಕಬೇಕು. ಫಲಿತಾಂಶದ ಮುಂದೆ 'ಎನ್‌ಎಸ್' (ನಾನ್ ಸಿಗ್ನಿಫಿಕೆಂಟ್, ಅಂದರೆ ಗಣನೀಯ ಫರಕು ಇಲ್ಲ) ಎಂದು ಬಂದಾಗ ಮುಖ ಸಪ್ಪಗಾಗುತ್ತದೆ. ನಮ್ಮಲ್ಲೂ ಗಿಡದ ಎತ್ತರಕ್ಕೆ ಕೆಲವು ಕಡೆ ಅದೇ ಬಂತು. 30 ದಿನಕ್ಕೆ ಯಾವ ಟ್ರೀಟ್‌ಮೆಂಟೂ ಶುರುವೇ ಆಗಿರದಿದ್ದರೆ ವ್ಯತ್ಯಾಸ ಬರುವುದಾದರೂ ಹೇಗೆ? ಅಲ್ಲಿ ವ್ಯತ್ಯಾಸ ಬಂದಿದ್ದರೇ ಹೊಲ ಅನುಮಾನಿಸಬೇಕಿತ್ತು. ಅಂಕಿ ತಿದ್ದಿ ಗಣನೀಯ ಫರಕಿನ ನಕ್ಷತ್ರ ಚಿಹ್ನೆ ಹಾಕಿಸುವ ಆಮಿಷ ಇದೇ ವಾರ ಹುಟ್ಟುತ್ತದೆ. ಫೀಲ್ಡ್ ಬುಕ್ಕು ಪೆನ್ನಿನಲ್ಲಿ ಬರೆದಿದ್ದರೆ ಅದು ಅಲ್ಲೇ ಸಾಯುತ್ತದೆ.

ಬರವಣಿಗೆಗೆ ಒಂದೇ ಮಾತು: 'ಮೆಟೀರಿಯಲ್ ಅಂಡ್ ಮೆಥಡ್ಸ್' ಆಗಸ್ಟಿನಲ್ಲೇ, ಬೆಳೆ ಹೊಲದಲ್ಲಿ ನಿಂತಿರುವಾಗಲೇ ಬರೆಯಿರಿ. ಸಾಹಿತ್ಯ ವಿಮರ್ಶೆಯ ಅಧ್ಯಾಯದಲ್ಲೇ ನಕಲು ಹೆಚ್ಚು ಸಿಕ್ಕಿಬೀಳುವುದು. ಯುಜಿಸಿಯ 2018ರ ನಿಯಮದಲ್ಲಿ ಶೇ 10ರ ತನಕ ಹೋಲಿಕೆಗೆ ದಂಡವಿಲ್ಲ. ಶೇ 40ರ ತನಕ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 60 ದಾಟಿದರೆ ನೋಂದಣಿಯೇ ರದ್ದು. ಹಳೇ ಥೀಸಿಸ್ಸಿನ ಸಾಲು ಪಕ್ಕದಲ್ಲಿಟ್ಟುಕೊಂಡು ಪದ ಬದಲಿಸುವವರು ಸಿಕ್ಕಿಬೀಳುತ್ತಾರೆ. ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದು, ಆಮೇಲೆ ಅಂಕಿ ಮಾತ್ರ ತಾಳೆ ನೋಡುವವರು ಪಾರಾಗುತ್ತಾರೆ.

ವೈವಾದ ದಿನ ಸ್ಲೈಡಿನ ಜೊತೆಗೆ ಫೀಲ್ಡ್ ಬುಕ್ಕೂ ಮೇಜಿನ ಮೇಲಿರಲಿ, ಎರೆ ಮಣ್ಣಿನ ಕಲೆ ಹಾಗೇ ಇರಲಿ. ಹೊರಗಿನಿಂದ ಬಂದ ಪರೀಕ್ಷಕರು ಕೋಷ್ಟಕ ತಿರುವಿ, "ಎರರ್ ಡಿಗ್ರಿ ಆಫ್ ಫ್ರೀಡಂ 14 ಇರಬೇಕಿತ್ತಲ್ಲ, 13 ಯಾಕೆ ಬಂತು?" ಎಂದು ಕೇಳುತ್ತಾರೆ. ಆಗ ನವೆಂಬರಿನ ಪುಟ ತೆಗೆದು, ತಾರೀಖು, ಮುರಿದ ಬೇಲಿ, ಆ ಬೆಳಿಗ್ಗೆ ಅಳೆದು ಬರೆದ ಹೆಜ್ಜೆ ಗುರುತು ತೋರಿಸಬೇಕು.